ಮೈದಾನದಲ್ಲಿ ಕಾಯುವವರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ತಾಲ್ಲೂಕು ಶಿಬಿರದಲ್ಲಿ ಆಡಿದ ಮಾತು. ಕೇಳಿದವರು ಬರೆದುಕೊಡಿ ಎಂದಿದ್ದರಿಂದ ಆಡಿದ ಹಾಗೇ ಬರೆದುಕೊಟ್ಟಿದ್ದೇವೆ.)



ನಮಗೆ ಕೊಟ್ಟಿರುವ ವಿಷಯ ‘ಯುವ ಕ್ರೀಡಾಪಟುಗಳು ಆಟದಲ್ಲಿ ಉಳಿಯಲು ಬೇಕಾದ ಪ್ರೇರಣೆ’. ಪ್ರೇರಣೆ ಅನ್ನೋದು ಇಸ್ತ್ರಿ ಹಾಕಿದ ಮಾತು. ನಮ್ಮ ಕೇರಿಯಲ್ಲಿ ಇದನ್ನು ಯಾರೂ ಆಡುವುದಿಲ್ಲ. ಅಲ್ಲಿ ಕೇಳುವ ಪ್ರಶ್ನೆ ಒಂದೇ: “ಆಟ ಹೊಟ್ಟೆ ತುಂಬುಸ್ತದೇನ್ಲಾ?” ಈ ಎರಡು ಮಾತಿನ ನಡುವೆ ಎಷ್ಟು ದೂರ ಇದೆಯೋ ಅಷ್ಟು ದೂರವನ್ನು ನಮ್ಮ ಹುಡುಗರು ಬರಿಗಾಲಲ್ಲಿ ಓಡಬೇಕು.

ನಾವು ಕೋಚುಗಳಲ್ಲ. ಬಿ.ಎ. ಓದಿದವರು, ಪದ್ಯ ಬರೆಯುವವರು. ಆದರೆ ಆಡಿದ್ದೇವೆ, ಆಟ ಬಿಟ್ಟಿದ್ದೇವೆ. ಬಿಟ್ಟವರ ಮಾತನ್ನೂ ಕೇಳಬೇಕು ನೀವು. ಗೆದ್ದವರನ್ನು ಕೂರಿಸಿ ಹಾರ ಹಾಕಿ ಹೇಗೆ ಗೆದ್ದಿರಿ ಅಂತ ಕೇಳುವವರು ಬಹಳ ಜನ ಇದ್ದಾರೆ. ಬಿಟ್ಟವನನ್ನು ಯಾಕೆ ಬಿಟ್ಟೆ ಅಂತ ಕೇಳಿದವರನ್ನು ನಾವು ಕಂಡಿಲ್ಲ.

ಕಬಡ್ಡಿಗೆ ಏಳು ಜನ. ಎಂಟು ವರ್ಷದ ಹಿಂದೆ ನಮ್ಮ ಕೇರಿಯಲ್ಲಿ ಏಳು ಜನರ ತಂಡ ಇತ್ತು. ಇವತ್ತು ಆ ಏಳರ ಲೆಕ್ಕ ಹೇಳುತ್ತೇವೆ. ಒಬ್ಬ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾನೆ. ಇನ್ನೊಬ್ಬ ಅದೇ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಗಾರ್ಡು, ರಾತ್ರಿ ಪಾಳಿ. ಒಬ್ಬ ಕಬ್ಬು ಕಡಿಯುವ ಗುಂಪಿನ ಹಿಂದೆ ಊರೂರು ಅಲೆಯುತ್ತಾನೆ. ಒಬ್ಬನ ಮಂಡಿ ಆಟದಲ್ಲೇ ತಿರುಚಿತು. ಸ್ಕ್ಯಾನಿಂಗಿಗೆ ದುಡ್ಡಿಲ್ಲದೆ ಎಣ್ಣೆ ತಿಕ್ಕಿಸಿ ಪಟ್ಟು ಹಾಕಿಸಿದೆವು, ಈಗ ಕುಂಟುತ್ತಾ ಎಮ್ಮೆ ಮೇಯಿಸುತ್ತಾನೆ. ಒಬ್ಬ ಕುಡಿತಕ್ಕೆ ಬಿದ್ದ. ಒಬ್ಬ ಪದ್ಯ ಬರೆಯುತ್ತಾ ನಿಮ್ಮ ಮುಂದೆ ಮೈಕು ಹಿಡಿದಿದ್ದಾನೆ. ಏಳನೆಯವನೊಬ್ಬ ಮಾತ್ರ ಇನ್ನೂ ಆಡುತ್ತಿದ್ದಾನೆ.

ಅವನು ನಮ್ಮೆಲ್ಲರಿಗಿಂತ ಒಳ್ಳೆಯ ಆಟಗಾರನಾಗಿದ್ದನೇ? ಇಲ್ಲ. ನಮ್ಮೆಲ್ಲರಿಗಿಂತ ಛಲಗಾರನೇ? ಅದೂ ಇಲ್ಲ. ಮಂಡಿ ತಿರುಚಿಕೊಂಡವನು ಇವನನ್ನು ಎತ್ತಿ ಗೆರೆಯಾಚೆ ಇಡುತ್ತಿದ್ದ. ಆದರೆ ಇವನಿಗೆ ಪಟ್ಟಣದಲ್ಲಿ ಸೋದರಮಾವ ಇದ್ದ. ಪೌರಕಾರ್ಮಿಕ. ಒಂದೇ ಕೋಣೆಯ ಮನೆ. ಆ ಮಾವ ಇವನನ್ನು ಮನೆಯಲ್ಲಿಟ್ಟುಕೊಂಡು ಎರಡು ಮುದ್ದೆ ಹಾಕಿ, ಸಾಯಂಕಾಲ ಮೈದಾನದಿಂದ ಬಂದ ತಕ್ಷಣ ಕೇಳುತ್ತಿದ್ದ: “ಇವತ್ತು ಎಷ್ಟು ಜನನ ಔಟ್ ಮಾಡ್ದಪ್ಪ?” ದಿನಾ ಕೇಳುತ್ತಿದ್ದ. ಅಷ್ಟೇ ವ್ಯತ್ಯಾಸ ಗೆಳೆಯರೇ. ನಮ್ಮ ಆರು ಜನರನ್ನು ಹಾಗೆ ಕೇಳುವವರು ಇರಲಿಲ್ಲ.

ಈಗ ಮೊದಲಿಗೆ ಬರೋಣ. ಆಟಕ್ಕೆ ನಮ್ಮನ್ನು ಎಳೆದುಕೊಂಡು ಹೋದದ್ದು ಏನು? ಪದಕವಲ್ಲ, ಸರಕಾರಿ ನೌಕರಿಯಲ್ಲ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಟಿ.ವಿ. ನೋಡಿ ಆಸೆಪಟ್ಟದ್ದು ನಿಜ. ಆದರೆ ಅದಕ್ಕೂ ಮುಂಚೆ ಆಟದ ಹುಚ್ಚು ಇತ್ತು. ಉಸಿರು ಬಿಗಿಹಿಡಿದು ನಡುಗೆರೆ ದಾಟಿ, ಒಬ್ಬನನ್ನು ಮುಟ್ಟಿ ವಾಪಸ್ಸು ಬಂದು ಬಿದ್ದಾಗ ಎದೆ ಡವಡವ ಅನ್ನುತ್ತದಲ್ಲ, ಆ ಸುಖ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಪಕ್ಕದ ಊರಿನ ಹಬ್ಬದ ಪಂದ್ಯಕ್ಕೆ ಒಂದು ವರ್ಷ ನಮ್ಮನ್ನು ಸೇರಿಸಿಕೊಂಡರು. ಎದುರಿಗೆ ಊರಿನವರ ಹುಡುಗರು. ನಮ್ಮವನು ರೈಡಿಗೆ ಹೋದ. ಅವರು ಹಿಡಿಯಲೇಬೇಕು, ಹಿಡಿಯದಿದ್ದರೆ ಪಾಯಿಂಟು ಹೋಯಿತು. ಒಬ್ಬ ಕಾಲು ಹಿಡಿದ, ಒಬ್ಬ ಸೊಂಟ, ಮಿಕ್ಕವರು ಮೇಲೆ ಬಿದ್ದರು. ಹುಟ್ಟಿದಾಗಿನಿಂದ ಅವರ ಕೈ ನಮ್ಮ ಮೈ ಮೇಲೆ ಬಂದದ್ದಿದ್ದರೆ ಅದು ಹೊಡೆಯುವುದಕ್ಕೆ. ಅವತ್ತು ಆಟಕ್ಕೆ ಹಿಡಿದರು. ಅವರ ಬೆವರು ನಮ್ಮ ಬೆವರು ಒಂದೇ ಮಣ್ಣಿಗೆ ಬಿತ್ತು. ಆ ಒಂದು ಗಂಟೆ ನಾವು ಯಾವ ಕೇರಿಯವರೂ ಆಗಿರಲಿಲ್ಲ, ಏಳು ಜನ ಆಟಗಾರರಾಗಿದ್ದೆವು. ಆ ಒಂದು ಗಂಟೆಯ ರುಚಿ ಹತ್ತಿದವನು ಮತ್ತೆ ಮತ್ತೆ ಮೈದಾನಕ್ಕೆ ಹೋಗುತ್ತಾನೆ.

ಪಂದ್ಯ ನಾವು ಗೆದ್ದೆವು. ಆಮೇಲೆ ನೀರು ಕೇಳಿದೆವು. ಅವರಿಗೆ ಲೋಟ, ನಮಗೆ ಬೊಗಸೆ. ಮೇಲಿನಿಂದ ಎತ್ತಿ ಹೊಯ್ದರು. ನಮ್ಮಲ್ಲೊಬ್ಬ ಕೇಳಿಯೇಬಿಟ್ಟ: “ಆಗ್ಲೇ ತಬ್ಬಿ ಹಿಡ್ಕಂಡಿದ್ರಲ್ಲಣ್ಣ, ಆಗ ಮೈಲಿಗೆ ಆಗ್ನಿಲ್ವಾ?” ಯಾರೂ ಉತ್ತರ ಹೇಳಲಿಲ್ಲ. ಮಾರನೆಯ ವರ್ಷ ಹೆಸರು ಕೊಡಲು ಹೋದರೆ “ಟೀಮು ಫುಲ್ ಆಗದೆ” ಅಂದರು. ಅದೇ ಉತ್ತರ.

ಇದು ನಮ್ಮ ಒಂದೂರಿನ ಕಥೆ ಅಂದುಕೊಳ್ಳಬೇಡಿ. ನೂರು ವರ್ಷಕ್ಕೂ ಹಿಂದೆ ಪಾಲ್ವಂಕರ್ ಬಾಲೂ ಇದನ್ನೇ ಉಂಡರು. ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಚಮ್ಮಾರರ ಮನೆಯ ಮಗ. ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ಚಿಗೆ ರೋಲರ್ ಎಳೆಯುವ, ನೆಟ್ ಕಟ್ಟುವ ಕೆಲಸ. ಸಂಬಳ ತಿಂಗಳಿಗೆ ನಾಲ್ಕು ರೂಪಾಯಿ. ಸಾಹೇಬರ ಅಭ್ಯಾಸಕ್ಕೆ ಗಂಟೆಗಟ್ಟಲೆ ಎಡಗೈಯಲ್ಲಿ ಚೆಂಡು ಹಾಕಿ ಹಾಕಿ ಮಹಾ ಬೌಲರ್ ಆದರು. ಗ್ರೇಗ್ ಎಂಬ ಇಂಗ್ಲಿಷ್ ಆಟಗಾರ ತಾನು ಔಟಾದಾಗಲೆಲ್ಲ ಬಾಲೂಗೆ ಎಂಟಾಣೆ ಕೊಡುತ್ತಿದ್ದ ಎಂದು ಹೇಳುತ್ತಾರೆ. ಬ್ಯಾಟನ್ನು ಮಾತ್ರ ಅವರ ಕೈಗೆ ಕೊಡುತ್ತಿರಲಿಲ್ಲ. ಬೆವರು ಸುರಿಸುವ ಬೌಲಿಂಗು ಕೂಲಿಯವನಿಗೆ, ಬ್ಯಾಟಿಂಗು ಸಾಹೇಬನಿಗೆ.

ಆಮೇಲೆ ಪುಣೆಯ ಹಿಂದೂ ತಂಡಕ್ಕೆ ಗೆಲುವು ಬೇಕಾಯಿತು, ಬಾಲೂ ಬೇಕಾದರು. ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆ. ನಮ್ಮ ಬೊಗಸೆ, ಅವರ ಕುಡಿಕೆ. ನಡುವೆ ನೂರು ವರ್ಷ.

1911ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ಬಾಲೂ ಇದ್ದರು. ಆ ಪ್ರವಾಸದಲ್ಲಿ ಅವರು ಪಡೆದ ವಿಕೆಟ್ಟು 114. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಆದರೆ ಅವರು ಆಟ ಬಿಡಲಿಲ್ಲ. ಯಾಕೆ ಬಿಡಲಿಲ್ಲ? ನಮಗೆ ತೋಚುವುದು ಇಷ್ಟು. ಒಂದು, ಕೈಯಲ್ಲಿ ವಿದ್ಯೆ ಇತ್ತು, ಚೆಂಡು ಅವರ ಮಾತು ಕೇಳುತ್ತಿತ್ತು. ಎರಡು, ಆಟದ ಜೊತೆಗೆ ಕೆಲಸ ಇತ್ತು, ರೈಲ್ವೆಯಲ್ಲಿ. ಮೂರು, ಅವರು ಒಂಟಿಯಾಗಿರಲಿಲ್ಲ. ಶಿವರಾಮ, ಗಣಪತ್, ವಿಠ್ಠಲ, ಮೂವರು ತಮ್ಮಂದಿರೂ ಆಡಿದರು. 1920ರಲ್ಲಿ ನಾಯಕತ್ವದ ವಿಷಯದಲ್ಲಿ ಅನ್ಯಾಯವಾದಾಗ ತಮ್ಮಂದಿರು ತಂಡದಿಂದ ಹೊರಗೆ ನಿಂತು ಪ್ರತಿಭಟಿಸಿದರು. ಗದ್ದಲವಾಯಿತು. ಬಾಲೂ ಉಪನಾಯಕರಾದರು. 1923ರಲ್ಲಿ ತಮ್ಮ ವಿಠ್ಠಲ ನಾಯಕನೇ ಆದ, ಪಂದ್ಯಾವಳಿ ಗೆದ್ದ. ಅಣ್ಣನಿಗೆ ಸಿಗದ್ದು ತಮ್ಮನಿಗೆ ಸಿಕ್ಕಿತು, ತಾನಾಗಿ ಸಿಗಲಿಲ್ಲ, ಕೇಳಿದ್ದಕ್ಕೆ ಸಿಕ್ಕಿತು.

ಪುಸ್ತಕ ಓದಿದವರ ಮಾತನ್ನೂ ಸ್ವಲ್ಪ ನೋಡೋಣ. ಡೆಸಿ, ರಯಾನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 1985ರಲ್ಲಿ ಒಂದು ಪುಸ್ತಕ ಬರೆದರು. ಮನುಷ್ಯ ಒಂದು ಕೆಲಸಕ್ಕೆ ಮನಸ್ಸಿಟ್ಟು ಅಂಟಿಕೊಳ್ಳಬೇಕಾದರೆ ಅವನೊಳಗಿನ ಮೂರು ಹಸಿವು ಇಂಗಬೇಕು ಎನ್ನುವುದು ಅವರ ವಿಚಾರ. ಇದನ್ನು ನನ್ನಿಷ್ಟದಿಂದ ಮಾಡುತ್ತಿದ್ದೇನೆ ಅನ್ನಿಸಬೇಕು. ಇದು ನನ್ನ ಕೈಲಾಗುತ್ತದೆ ಅನ್ನಿಸಬೇಕು. ನನಗೆ ನನ್ನವರಿದ್ದಾರೆ ಅನ್ನಿಸಬೇಕು. ಆಟದ ಬಗ್ಗೆ ಯೋಚಿಸುವವರು ಇವತ್ತಿಗೂ ಈ ಮೂರನ್ನು ಹಿಡಿದೇ ಮಾತಾಡುತ್ತಾರೆ. ನೋಡಿ, ಬಾಲೂ ಅವರ ಬದುಕಿನಲ್ಲಿ ನಾವು ಕಂಡದ್ದರಲ್ಲಿ ಎರಡು ಇಲ್ಲೇ ಇವೆ.

ಇದೇ ಡೆಸಿ 1971ರಲ್ಲಿ ಒಂದು ಪ್ರಯೋಗದ ವರದಿ ಬರೆದಿದ್ದ. ಕಾಲೇಜು ಹುಡುಗರಿಗೆ ಜೋಡಿಸುವ ಒಗಟಿನ ಆಟ ಕೊಟ್ಟ. ಕೆಲವರಿಗೆ ಬಿಡಿಸಿದ್ದಕ್ಕೆ ದುಡ್ಡು ಕೊಟ್ಟ. ದುಡ್ಡು ನಿಂತ ಮೇಲೆ, ಬಿಡುವಿನ ಹೊತ್ತಿನಲ್ಲಿ ಆ ಹುಡುಗರು ಒಗಟನ್ನು ಮುಟ್ಟುವುದು ಕಡಿಮೆಯಾಯಿತು. ದುಡ್ಡು ಬಂದರೆ ಆಟದ ಸುಖ ಕುಗ್ಗುತ್ತದೆ ಅಂತ ಇದರ ಅರ್ಥ.

ಇದನ್ನು ಹಿಡಿದುಕೊಂಡು ಕೆಲವರು ಭಾಷಣ ಮಾಡುತ್ತಾರೆ: “ಮಕ್ಕಳೇ, ಹಣಕ್ಕಾಗಿ ಆಡಬೇಡಿ, ಆಟಕ್ಕಾಗಿ ಆಡಿ.” ಹೇಳುವವರ ಹೊಟ್ಟೆ ನೋಡಿ, ತುಂಬಿರುತ್ತದೆ. ಒಗಟು ಬಿಡಿಸಿದ ಹುಡುಗರು ಸಾಯಂಕಾಲ ಊಟಕ್ಕೆ ಎಲ್ಲಿಗೆ ಹೋಗಬೇಕು ಅಂತ ಯೋಚಿಸಬೇಕಾಗಿರಲಿಲ್ಲ. ನಮ್ಮ ಹುಡುಗ ಒಂದು ದಿನ ಪಂದ್ಯಕ್ಕೆ ಹೋದರೆ ಒಂದು ದಿನದ ಕೂಲಿ ಹೋಯಿತು. ಅವನಿಗೆ ಕೊಡುವ ದುಡ್ಡು ಲಂಚವಲ್ಲ, ಹೋದ ಕೂಲಿ. 2024ರಲ್ಲಿ ಸರಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡುವುದು ವಾರಕ್ಕೆ ಆರು ದಿನಕ್ಕೆ ಏರಿತು. ಒಳ್ಳೆಯದೇ. ಆದರೆ ಅದು ಹತ್ತನೇ ಕ್ಲಾಸಿನವರೆಗೆ. ಹದಿನಾರು ದಾಟಿ ಮೈ ಕಟ್ಟುವ ವಯಸ್ಸಿಗೆ ಬಂದಾಗ ಮೊಟ್ಟೆ ತಟ್ಟೆಯಿಂದ ಮಾಯ. ಆಟ ಬಿಡುವುದೂ ಹೆಚ್ಚಾಗಿ ಅದೇ ವಯಸ್ಸಿನಲ್ಲಿ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಹೇಳುವವರು ಒಂದು ವಾರ ಬರೀ ಸಾರು ಮುದ್ದೆ ತಿಂದು ಐದು ಸಾವಿರ ಮೀಟರ್ ಓಡಿ ತೋರಿಸಲಿ.

ಉತ್ತರ ಕನ್ನಡದ ಸಿದ್ದಿ ಜನರನ್ನು ನೆನೆಯಿರಿ. ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ಮಕ್ಕಳು, ಹಳಿಯಾಳ ಯಲ್ಲಾಪುರದ ಕಾಡಂಚಿನವರು. 1987ರಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದರಲ್ಲಿ ಅವರ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದುಕೊಂಡಿತು. ಊಟ, ಶೂ, ಟ್ರ್ಯಾಕು, ಕೋಚು. ಆ ಮಕ್ಕಳು ಓಡಿದರು, ನೆಗೆದರು, ರಾಷ್ಟ್ರಮಟ್ಟದಲ್ಲಿ ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಎಷ್ಟೋ ಮಕ್ಕಳು ಹೊಲಕ್ಕೆ, ಕೂಲಿಗೆ ವಾಪಸ್ಸು ಹೋದರು. ಹೇಳಿ, ಅವರಿಗೆ ಪ್ರೇರಣೆ ಕಡಿಮೆಯಾಗಿತ್ತೇ? ಓಡುತ್ತಿದ್ದವರ ಕಾಲ ಕೆಳಗಿನ ಟ್ರ್ಯಾಕನ್ನೇ ಸುತ್ತಿಕೊಂಡು ಹೋದರೆ ಯಾವ ಪ್ರೇರಣೆ ಓಡಿಸುತ್ತದೆ?

ಅನ್ನದ ಮಾತಾಯಿತು. ಮಾನದ ಮಾತೂ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಗಂಡಸರ ತಂಡ, ಹೆಂಗಸರ ತಂಡ, ಎರಡೂ ನೇಪಾಳವನ್ನು ಸೋಲಿಸಿ ಗೆದ್ದವು. ಗೆದ್ದವರಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು, ನಮ್ಮ ರಾಜ್ಯದವರೇ ಆದ ಗೌತಮ್ ಇದ್ದರು. ರಾಜ್ಯ ಸರಕಾರ ಇಬ್ಬರಿಗೂ ಐದೈದು ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಲೆಕ್ಕದಲ್ಲಿ ಹಣ, ಮೇಲೆ ಸರಕಾರಿ ನೌಕರಿ ಕೊಟ್ಟಿತ್ತು. ನಮ್ಮ ಇಬ್ಬರೂ ಐದು ಲಕ್ಷ ಬೇಡ ಅಂದರು. ಐದು ಲಕ್ಷ ಹಳ್ಳಿ ಮನೆಗೆ ಸಣ್ಣ ದುಡ್ಡಲ್ಲ. ಬೇಡ ಅನ್ನಬೇಕಾದರೆ ಎದೆ ಬೇಕು. ದುಡ್ಡಿನ ಆಸೆ ಅಂತ ಕೆಲವರು ಮೂಗು ಮುರಿದಿರಬಹುದು. ನಮಗೆ ಹಾಗೆ ಕಾಣಲಿಲ್ಲ. ಒಂದೇ ಅಂಕಣದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಆಡಿದವರನ್ನು ತೂಗುವಾಗ ತಕ್ಕಡಿ ಬೇರೆ ಮಾಡಬೇಡಿ ಅಂತ ಅವರು ಕೇಳಿದ್ದು. ಹಿಂದೆ ಬರುವ ಮಕ್ಕಳು ಇದನ್ನು ನೋಡುತ್ತಿರುತ್ತಾರೆ. ಗೆದ್ದವರಿಗೇ ಈ ಗತಿಯಾದರೆ ನಮಗೇನು ಅಂತ ಅವರು ಲೆಕ್ಕ ಹಾಕುತ್ತಾರೆ.

ಹರಿದ್ವಾರದ ಹತ್ತಿರದ ರೋಶನಾಬಾದಿನ ವಂದನಾ ಕಟಾರಿಯಾ ಇನ್ನೂ ಕಹಿಯಾದದ್ದನ್ನು ನುಂಗಿದರು. ದಲಿತರ ಮಗಳು. ಮರದ ಕೊಂಬೆ ಹಿಡಿದು ಹಾಕಿ ಕಲಿತವರು. 2021ರಲ್ಲಿ ತಂದೆ ತೀರಿಕೊಂಡಾಗ ಶಿಬಿರದಲ್ಲಿದ್ದರು, ಮಣ್ಣಿಗೆ ಹೋಗಲಾಗಲಿಲ್ಲ. ಅದೇ ವರ್ಷ ಟೋಕಿಯೋ ಒಲಿಂಪಿಕ್ಸಿನಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಮೂರು ಗೋಲು ಹೊಡೆದರು. ಒಲಿಂಪಿಕ್ಸಿನಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಹ್ಯಾಟ್ರಿಕ್ ಅದು. ಆಮೇಲೆ ಸೆಮಿಫೈನಲ್ಲಿನಲ್ಲಿ ದೇಶ ಸೋತಿತು. ಆ ದಿನ ಅವರ ಮನೆಯ ಮುಂದೆ ಮೇಲ್ಜಾತಿಯವರು ಪಟಾಕಿ ಹೊಡೆದು ಕುಣಿದು ಜಾತಿ ಹಿಡಿದು ಬೈದರು. ದೇಶ ಸೋತದ್ದಕ್ಕೆ ಪಟಾಕಿ! ವಂದನಾ ಆಟ ಬಿಡಲಿಲ್ಲ. 2025ರಲ್ಲಿ ನಿವೃತ್ತರಾಗುವ ಹೊತ್ತಿಗೆ ದೇಶಕ್ಕಾಗಿ 320 ಪಂದ್ಯ ಆಡಿದ್ದರು. ಅಷ್ಟು ಪಂದ್ಯ ಆಡಿದ ಭಾರತದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ.

ಅವರ ಹಾಗೆ ಉಳಿಯಿರಿ ಅಂತ ನಿಮಗೆ ಬುದ್ಧಿ ಹೇಳಿ ಇಳಿದುಹೋಗುವುದು ಸುಲಭ. ಅದು ಮೋಸ. ಸಾವಿರಕ್ಕೊಬ್ಬರು ಬೆಂಕಿಯಲ್ಲಿ ನಡೆದು ಬಂದರು ಅಂತ ಉಳಿದವರನ್ನೂ ಬೆಂಕಿಗೆ ದೂಡಬಾರದು. ಬೆಂಕಿ ಆರಿಸುವ ಮಾತಾಡಬೇಕು.

ಅದಕ್ಕೇ ನಮ್ಮ ಕೇರಿಯ ಒಬ್ಬ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ಅವಳು ಈ ಸಭೆಗೆ ಬಂದಿಲ್ಲ. ಬಂದಿದ್ದರೆ ಹೇಳುತ್ತಿರಲಿಲ್ಲ.

ಅವಳು ಓಟಗಾರ್ತಿ. ಹೈಸ್ಕೂಲು ಮೈದಾನ ಕೇರಿಯಿಂದ ಒಂದೂವರೆ ಮೈಲಿ. ಬೆಳಿಗ್ಗೆ ಐದಕ್ಕೆ ಹೋಗಿ ಆರಕ್ಕೆಲ್ಲ ವಾಪಸ್ಸು ಬರಬೇಕು. ಆರರ ಮೇಲೆ ಚಡ್ಡಿ ಹಾಕಿದ ಹುಡುಗಿಯನ್ನು ನೋಡುವುದಕ್ಕೆಂದೇ ಮೋರಿ ಕಟ್ಟೆ ಮೇಲೆ ಕೂರುವವರಿದ್ದರು. ಜೊತೆಗೆ ಅವಳ ಅಜ್ಜಿ ಹೋಗುತ್ತಿದ್ದಳು. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕೋಲು. ಅಜ್ಜಿಗೆ ಲೆಕ್ಕ ಬರುತ್ತಿರಲಿಲ್ಲ. ಮಡಿಲಲ್ಲಿ ಹುಣಸೆ ಬೀಜ ಕಟ್ಟಿಕೊಂಡು ಹೋಗಿ ಮೈದಾನದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರೋದು. ಮೊಮ್ಮಗಳು ಒಂದು ಸುತ್ತು ಬಂದರೆ ಒಂದು ಬೀಜ ನೆಲಕ್ಕೆ. ಹುಡುಗಿ ಸಾಕಾಯ್ತು ಅಂದರೆ, “ಇನ್ನ ಎರಡು ಬೀಜ ಅದೆ ಕನವ್ವ, ಹೋಗು” ಅನ್ನೋಳು. ಕೋಚೂ ಅವಳೇ, ಕಾವಲೂ ಅವಳೇ. ಹುಡುಗಿ ಜಿಲ್ಲೆಗೆ ಮೊದಲು ಬಂದಳು.

ಕಳೆದ ಮಾರ್ನಮಿ ಹೊತ್ತಿಗೆ ಅಜ್ಜಿ ತೀರಿಕೊಂಡಳು. ಅಪ್ಪ ಬೆಂಗಳೂರಿನಲ್ಲಿ, ಅವ್ವ ಹೊತ್ತು ಹುಟ್ಟುವ ಮುಂಚೆ ಕೂಲಿಗೆ. ನಾಲ್ಕು ತಿಂಗಳಾಯಿತು, ಹುಡುಗಿಯ ಶೂ ಗೋಡೆ ಮೊಳೆಯಲ್ಲಿ ನೇತಾಡುತ್ತಿದೆ. ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿದೆ. ನಾವು ಹೋಗಿ ಕೇಳಿದೆವು, ಯಾಕವ್ವ ನಿಲ್ಲಿಸಿದೆ ಅಂತ. ಅವಳು ಅಂದಳು: “ಓಡಕ್ಕಾಯ್ತದೆ ಕನಣ್ಣ. ಎಣ್ಸೋರ್ ಯಾರು?”

ಗೆಳೆಯರೇ, ನಾವು ತಲೆ ತಗ್ಗಿಸಿದ ಜಾಗ ಇದು. ಅಜ್ಜಿ ಸತ್ತಾಗ ಅವಳ ಮೇಲೆ ಪದ್ಯ ಬರೆದೆವು. ಮೂರು ಸಭೆಯಲ್ಲಿ ಓದಿದೆವು, ಚಪ್ಪಾಳೆ ತಗೊಂಡೆವು. ಒಂದು ದಿನ, ಒಂದೇ ಒಂದು ದಿನ, ಐದು ಗಂಟೆಗೆ ಎದ್ದು ಆ ಮೈದಾನಕ್ಕೆ ಹೋಗಲಿಲ್ಲ. ಸಮಾನತೆಯ ಪದ್ಯ ಬರೆದು ಏಳು ಗಂಟೆ ತನಕ ಮಲಗಿದ್ದೆವು.

ಸರಕಾರವನ್ನು ಕೇಳಬೇಕಾದ್ದನ್ನು ಕೇಳೋಣ, ಬಿಡುವುದು ಬೇಡ. ಶಾಲೆಯ ಮೈದಾನಕ್ಕೆ ಬೀಗ ಹಾಕಬೇಡಿ. ತಾಲ್ಲೂಕಿಗೆ ಒಂದು ಕಬಡ್ಡಿ ಮ್ಯಾಟು ಕೊಡಿ. ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತವನು ಸೆಲೆಕ್ಷನ್ ದಿನ ಮೊದಲ ಸಲ ಮ್ಯಾಟು ಕಂಡರೆ ಜಾರಿ ಬೀಳುತ್ತಾನೆ. ಆರಿಸಿದವರ ಪಟ್ಟಿಯನ್ನು, ಅವರ ಅಂಕವನ್ನು ಗೋಡೆಗೆ ಅಂಟಿಸಿ. ಆಟದಲ್ಲಿ ಮಂಡಿ ಮುರಿದರೆ ಅದರ ಖರ್ಚು ಆಡಿಸಿದವರದ್ದು. ಹುಡುಗಿಯರಿಗೆ ಹೆಣ್ಣು ಶಿಕ್ಷಕಿ, ಕಕ್ಕಸು, ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ. ಇಷ್ಟನ್ನೂ ಅರ್ಜಿ ಬರೆದು ತಂದಿದ್ದೇವೆ, ಹೋಗುವಾಗ ಎಲ್ಲರೂ ಸಹಿ ಹಾಕಿ.

ಆದರೆ ಅರ್ಜಿಗೆ ಉತ್ತರ ಬರುವ ತನಕ ಹುಡುಗಿಯ ವಯಸ್ಸು ಕಾಯುವುದಿಲ್ಲ.

ಕಬಡ್ಡಿಯಲ್ಲಿ ಒಂದು ನಿಯಮ ಇದೆ, ನಿಮಗೆಲ್ಲ ಗೊತ್ತು. ಔಟಾಗಿ ಹೊರಗೆ ಕೂತವನು ತಾನಾಗಿ ಒಳಗೆ ಬರುವ ಹಾಗಿಲ್ಲ. ಎಷ್ಟು ಶಕ್ತಿ ಇರಲಿ, ಎಷ್ಟು ಆಸೆ ಇರಲಿ, ಕೂತಿರಬೇಕು. ಒಳಗಿರುವ ತನ್ನ ಕಡೆಯವರು ಒಬ್ಬನನ್ನು ಔಟ್ ಮಾಡಿದರೆ ಮಾತ್ರ ಅವನಿಗೆ ಜೀವ. ಹೊರಗೆ ಕೂತವನಿಗೆ ನಿನ್ನಲ್ಲಿ ಪ್ರೇರಣೆ ಸಾಲದು ಅಂತ ಯಾವ ಹುಚ್ಚನೂ ಹೇಳುವುದಿಲ್ಲ. ಒಳಗಿದ್ದವರು ಏನು ಮಾಡುತ್ತಿದ್ದಿರಿ ಅಂತ ಕೇಳುತ್ತಾರೆ.

ನಾವು ಒಳಗಿದ್ದೇವೆ. ಓದಿದ್ದೇವೆ, ಮೈಕು ಹಿಡಿದಿದ್ದೇವೆ. ನಾಳೆ ಬೆಳಿಗ್ಗೆ ಐದಕ್ಕೆ ಕೇರಿಯ ಬಾವಿ ಹತ್ತಿರ ಸೇರುತ್ತೇವೆ. ತಾಯಂದಿರೇ, ನಿಮ್ಮಲ್ಲಿ ಇಬ್ಬರು ಬರಬೇಕು. ಬರೀ ಗಂಡು ಹುಡುಗರು ಹೋದರೆ ಊರ ಬಾಯಿಗೆ ಇನ್ನೊಂದು ಮಾತು ಸಿಕ್ಕುತ್ತದೆ, ಅದರ ಪೆಟ್ಟು ಆ ಮಗುವಿಗೆ. ಅವಳ ಅವ್ವನ ಹತ್ತಿರ ಇವತ್ತು ರಾತ್ರಿಯೇ ಮಾತಾಡುತ್ತೇವೆ. ಮದುವೆ ಮಾತು ಒಂದು ವರ್ಷ ಮುಂದೆ ಹಾಕಿ ಅಂತ ಕೇಳುತ್ತೇವೆ.

ಹುಣಸೆ ಬೀಜ ನಾವು ತರುತ್ತೇವೆ. ಎಣಿಸುವುದಕ್ಕೆ ನೀವು ಬನ್ನಿ.